ನಾನು ಹೋಟೆಲ್ ಮಾಲಕಿ ಆದದ್ದು

ನಾಶಿಕದಿಂದ ಸಂಭಾಜಿನಗರಕ್ಕ ಹೊಂಟಿದ್ದೆ. ಬಸ್ಸಿನ್ಯಾಗ ಬಾಜೂಕ ಕುಂತಾಕಿ ನನ್ನ ಕನ್ನಡಾ ಕೇಳಿ ಸಲಿಗಿ ಬೆಳಸಿದ್ಲು.

"ಮಾವಶಿ, ನನ್ನ ಮೈದುನಗ ಪಂಚವಟಿಯ ಉಡುಪಿ ಹೋಟೆಲಿನ್ಯಾಗ ಅಡಿಗಿ ಕೆಲಸ ಸಿಗೂದೈತಿ. ಹಳೇ ಮಾಲಕರನ್ನ ಫೋನಿನ್ಯಾಗ ವಿಚಾರಸ್ತಾರಂತ, ನನ್ನ ನಂಬರ್ ಕೊಟ್ಟೇವ್ರಿ. ವೇರೂಳದಾಗ, ಅದ ಎಲ್ಲೋರಾದಾಗ, ನಮ್ಮ ಹೋಟೆಲಿನ್ಯಾಗ ಇದ್ದ ಅನ್ರಿ, ಸಾಕು."

"ಅಂವಾ ಅಲ್ಲಿ ಖರೇನ ಇದ್ದನೇನು?"

"ಒಮ್ಮೆ ದೇವರ ದರ್ಶನಕ್ಕ ಹೋಗಿ ಬಂದಾನ್ರಿ."

ಇಂಥಾ ಲಫಡಾ ಬಿಟ್ಟು ಕಿಡಕಿ ನೋಡೂ ಹೆಣ್ಣಲ್ಲ ನಾನು. ಅಕಿ ಮೊಬೈಲಿಗೆ ಪಂಚವಟಿ ಹೋಟೆಲಿನವರ ಫೋನ್ ಬಂತು, ನಾನ ತೊಗೊಂಡೆ.

"ಅಮ್ಮಾ, ಅವನ ಸಾಂಬಾರ್ ಹೇಗಿರ್ತಿತ್ತು?"

ನಾನು ಹುರುಪಿಲೆ ಹೊಗಳಿದೆ: "ಮುಷ್ಟಿಗಟ್ಟಲೆ ಬಳ್ಳೊಳ್ಳಿ ಹಾಕಿ ಘಮ್ ಅನಸ್ತಿದ್ದ ನೋಡ್ರಿ!"

"ನಮ್ಮದು ದೇವಸ್ಥಾನದ ಎದುರಿನ ಹೋಟೆಲ್, ಬೆಳ್ಳುಳ್ಳಿ ಬಾಗಿಲೊಳಗೇ ಬರೋದಿಲ್ಲ. ಅವನು ಬೆಳ್ಳುಳ್ಳಿ ಮುಟ್ಟಿಯೇ ಇಲ್ಲ ಅಂದಿದ್ದನಲ್ಲ? ಅವನು ಬರೋದು ಬೇಡ ಅಂತ ಹೇಳಿ." ಫೋನ್ ಕಟ್ಟಾತು.

"ಮುದುಕಿ, ಅವನ ಅನ್ನಕ್ಕ ಮಣ್ಣ ಹಾಕಿದಿ!" ಅಂತ ಅಕಿ ಬಸ್ಸಿಗೆಲ್ಲ ಕೇಳೂಹಂಗ ಚೀರಿದ್ಲು. ಒಂದ ಫೋನಿನ್ಯಾಗ ಮಾವಶಿ ಹೋಗಿ ಮುದುಕಿ ಆದೆ!

ನನ್ನ ತಲಿ ಕೆಟ್ಟು ಕೆರಾ ಹಿಡದು ಹೋತು. ಮಾರಿ ನೋಡದವನ ಸಲುವಾಗಿ ಸುಳ್ಳು ಹೇಳಿದಾಕೀನೂ ನಾನ, ಬೈಸಿಕೊಂಡಾಕೀನೂ ನಾನ. ಅಂವಾ ಎಲ್ಲೆರೆ ಖರೇನ ದುಡದಿದ್ರ ದಾರ್ಯಾಗ ಮಾಲಕಿ ಹುಡುಕೂ ಹಣೇಬರಾ ಯಾಕ ಬರ್ತಿತ್ತು? ಅದೂ ಹೋಗ್ಲಿ. ನನ್ನ ಬಾಯಿ ಕೆಲಸಕ್ಕ ಇಟ್ಕೊಳ್ಳಾಕಿ ಮೊದಲ ನಮ್ಮ ಓಣ್ಯಾಗ ವಿಚಾರಸಬಾರದಿತ್ತ? ಈ ಬಾಯಿಂದ ಇಲ್ಲೀತನಕ ಯಾರ ಮನಿ ಉದ್ಧಾರ ಆಗೇತಿ?