ಸಾದಾ ಡೀಸೆಲ್ ಕುಡಿಯದ ಕಾರು

ಅರಸೀಕೆರೆಯಂಥ ಕೊಬ್ಬರಿ ವ್ಯಾಪಾರದ ಊರಿನಲ್ಲಿ ಬೆಳೆದವರಿಗೆ ಒಂದು ಚಾಳಿ ಇರುತ್ತದೆ. ಏನನ್ನು ಕಂಡರೂ ಇದು ಒಂದನೇ ದರ್ಜೆ, ಇದು ಎರಡನೇ ದರ್ಜೆ ಎಂದು ವಿಂಗಡಿಸುತ್ತೇವೆ. ನಮ್ಮ ತೋಟದ ಒಳ್ಳೆಯ ಉಂಡೆ ಕೊಬ್ಬರಿಯೆಲ್ಲ ಮಾರಾಟಕ್ಕೆ ಹೋಗುತ್ತಿತ್ತು, ಒಡೆದದ್ದು ಕಪ್ಪಾದದ್ದು ಅಡುಗೆಮನೆಗೆ ಬರುತ್ತಿತ್ತು. ಹೀಗೆ ಎರಡನೇ ದರ್ಜೆ ತಿಂದೇ ದೊಡ್ಡವನಾದ ನಾನು, ಎರಡು ಸಾವಿರದ ಇಸವಿ ದಾಟಿದ ಮೇಲೆ ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರೊಂದನ್ನು ಕೊಂಡೆ. ಅದರ ಹಿಂಬದಿಯಲ್ಲಿ ಕೆಂಪಕ್ಷರದಲ್ಲಿ 'ಟರ್ಬೊ' ಎಂದು ಬರೆದಿತ್ತು. ಟರ್ಬೊ ಎಂದರೇನೆಂದು ನನಗೆ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲದ್ದನ್ನು ಗಟ್ಟಿಯಾಗಿ ಹೇಳುವುದು ಆಫೀಸಿನಲ್ಲಿ ಚೆನ್ನಾಗಿಯೇ ಅಭ್ಯಾಸವಾಗಿತ್ತು.

ಆಗಷ್ಟೇ ಬಂಕುಗಳಿಗೆ ಸಾದಾ ಡೀಸೆಲ್ಲಿಗಿಂತ ದುಬಾರಿಯಾದ ಪ್ರೀಮಿಯಂ ಡೀಸೆಲ್ ಬಂದಿತ್ತು. "ಟರ್ಬೊ ಇಂಜಿನ್ ಕಣೇ, ಸಾದಾ ಹಾಕಿದ್ರೆ ಕೆಟ್ಟುಹೋಗುತ್ತೆ" ಎಂದು ಹೆಂಡತಿಗೆ ಪಾಠ ಹೇಳಿದೆ.

"ನಮಗೆ ಒಡಕು ಕೊಬ್ಬರಿ, ಇದಕ್ಕೆ ಮಾತ್ರ ಒಂದನೇ ದರ್ಜೆ" ಎಂದಳು ಅವಳು.

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಬಂಕಿನಲ್ಲಿ ಪಕ್ಕದ ಗಾಡಿಯವರಿಗೆ ಕೇಳಿಸುವಂತೆ 'ಪ್ರೀಮಿಯಂ' ಎನ್ನುವುದರಲ್ಲೇ ಒಂದು ಸುಖವಿತ್ತು.

ಕಾರು ಕೊಳ್ಳಲು ನಾನು ಕೊಟ್ಟಿದ್ದ ಕಾರಣ ಮಾತ್ರ ಅಮ್ಮ. ಹಾರನಹಳ್ಳಿಯ ಶಾಲೆಯಲ್ಲಿದ್ದಾಗ ಅವಳು ಬೇಲೂರಿಗೆ ಪ್ರವಾಸ ಹೋಗಿದ್ದಳು. ದಾರಿಯಲ್ಲಿ ಜ್ವರ ಬಂತೆಂದು ಮೇಷ್ಟ್ರು ಅವಳನ್ನು ಬಸ್ಸಿನಲ್ಲೇ ಮಲಗಿಸಿ ಉಳಿದವರನ್ನು ದೇವಸ್ಥಾನಕ್ಕೆ ಕರೆದುಕೊಂಡು ಹೋದರಂತೆ. ಕಿಟಕಿಯಿಂದ ಕಂಡ ಗೋಪುರದ ತುದಿಯೇ ಅವಳ ಪಾಲಿನ ಬೇಲೂರು. ಆಮೇಲೆ ಮದುವೆ, ತೋಟ, ನಾವು, ಕೊನೆಗೆ ಮೊಣಕಾಲು ನೋವು. "ಒಂದ್ಸಲ ಒಳಗೆ ಹೋಗಿ ದೇವ್ರ ಮುಖ ನೋಡ್ಬೇಕು ಕಣೋ" ಎನ್ನುತ್ತಿದ್ದಳು. ಕಾರು ಬರಲಿ ಎಂದು ನಾನು ವರ್ಷಗಟ್ಟಲೆ ಹೇಳುತ್ತಾ ಬಂದಿದ್ದೆ.

ಅಂತೂ ಒಂದು ಭಾನುವಾರ ಮೂವರೂ ಹೊರಟೆವು. ಅಮ್ಮ ರೇಷ್ಮೆ ಸೀರೆ ಉಟ್ಟು, ಪೂಜೆಗೆಂದು ತೋಟದ ಕಾಯಿಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಅರಸೀಕೆರೆಯ ಬಂಕಿನಲ್ಲಿ ಪ್ರೀಮಿಯಂ ಮುಗಿದಿತ್ತು. "ಸಾದಾ ಐತೆ ಸಾರ್, ಹಾಕ್ಲಾ?" ಎಂದರು. ಬೇಡ ಎಂದೆ. ಹಳೇಬೀಡಿನ ಬಂಕಿನಲ್ಲೂ ಸಾದಾ ಮಾತ್ರವೇ ಇತ್ತು.

"ರೀ, ಮುಳ್ಳು ಪೂರ್ತಿ ಕೆಳಗೆ ಬಂದಿದೆ" ಎಂದಳು ಹೆಂಡತಿ.

"ಬೇಲೂರಲ್ಲಿ ಸಿಕ್ಕೇ ಸಿಗುತ್ತೆ. ಟೂರಿಸ್ಟ್ ಜಾಗ ಅದು."

"ಹಳೇಬೀಡು ಇನ್ನೇನು?"

ಬೇಲೂರು ಇನ್ನೂ ದೂರವಿರುವಾಗಲೇ ಕಾರು ಜೋಳದ ಹೊಲಗಳ ನಡುವೆ ಕೆಮ್ಮಿ ನಿಂತಿತು. ಡೀಸೆಲ್ ಮುಗಿದಿದೆ ಎಂದೆ. "ಎರಡು ಕಡೆ ಸಿಕ್ತಿತ್ತಲ್ಲೋ?" ಎಂದಳು ಅಮ್ಮ. ಅವಳ ಮುಂದೆ ಟರ್ಬೊ ಪುರಾಣ ಬಿಚ್ಚುವ ಬದಲು ಇನ್ನೊಮ್ಮೆ ಕೀ ತಿರುಗಿಸಿದೆ.

ಅವಳು ಬಿಸಿಲು ನೋಡಿದಳು. "ಮಧ್ಯಾಹ್ನ ಬಾಗ್ಲು ಹಾಕ್ಬುಡ್ತಾರೆ" ಎಂದವಳೇ, ಬರುತ್ತಿದ್ದ ಟೆಂಪೋಗೆ ತಾನೇ ಕೈ ಅಡ್ಡ ಹಿಡಿದಳು. ಹೆಂಡತಿ ಹಿಂದಿನಿಂದ ತಳ್ಳಿ, ಒಳಗಿದ್ದವರು ಕೈ ಹಿಡಿದೆಳೆದು, ಹೇಗೋ ಅವಳನ್ನು ಹತ್ತಿಸಿಕೊಂಡರು. ಹಿಂದೆಯೇ ಹೆಂಡತಿಯೂ ಹತ್ತಿದಳು. ನಾನೂ ಹತ್ತಬಹುದಿತ್ತು. ಆದರೆ ಕಾರನ್ನು ಯಾರಾದರೂ ಹೊಡೆದುಕೊಂಡು ಹೋದರೆ ಎಂದು ಉಳಿದೆ. ಡೀಸೆಲ್ಲೇ ಇಲ್ಲದ ಕಾರನ್ನು ಹೊಡೆದುಕೊಂಡು ಹೋಗುವುದು ಹೇಗೆ ಎಂಬುದು ಟೆಂಪೋ ಕಣ್ಮರೆಯಾದ ಮೇಲೆ ಹೊಳೆಯಿತು. ಅಲ್ಲಿಗೆ ಗೋಪುರವೂ ಕಾಣುತ್ತಿರಲಿಲ್ಲ. ಅಮ್ಮ ಒಳಗೆ ಹೋಗುವಾಗ ಕೈ ಹಿಡಿದುಕೊಳ್ಳಬೇಕು ಎಂದು ಎಷ್ಟೋ ಸಲ ಅಂದುಕೊಂಡಿದ್ದೆ. ಈಗ ಸ್ಟೀರಿಂಗ್ ಹಿಡಿದು ಕೂತಿದ್ದೆ.

ಬಿಸಿಲು ಇಳಿಯುವ ಹೊತ್ತಿಗೆ ಇಬ್ಬರೂ ಇನ್ನೊಂದು ಟೆಂಪೋದಲ್ಲಿ ಬಂದಿಳಿದರು. ಅಮ್ಮನ ಹಣೆಯ ತುಂಬ ಕುಂಕುಮ, ಮುಖದ ತುಂಬ ನಗು. ಹೆಂಡತಿಯ ಕೈಯಲ್ಲಿ ಡೀಸೆಲ್ ಕ್ಯಾನು. "ಸಾದಾ" ಎಂದಷ್ಟೇ ಹೇಳಿ ಕೊಟ್ಟಳು. ತುಂಬಿಸಿ, ಬಾನೆಟ್ ಎತ್ತಿ, ಪೈಪಿನಲ್ಲಿ ಸೇರಿದ್ದ ಗಾಳಿಯನ್ನು ಪಂಪ್ ಒತ್ತಿ ಒತ್ತಿ ತೆಗೆದು ಕೀ ತಿರುಗಿಸಿದೆ. ಕಾರು ಸ್ಟಾರ್ಟ್ ಆಯಿತು. ಸದ್ದೂ ಅದೇ, ಏರಿನಲ್ಲಿ ಎಳೆಯುವುದೂ ಅದೇ. ಸ್ವಲ್ಪವಾದರೂ ಮೊಂಡಾಟ ಮಾಡಿ ನನ್ನ ಮಾನ ಉಳಿಸಲಿ ಎಂದು ಕಾದೆ, ಮಾಡಲಿಲ್ಲ.

"ಎಲ್ಲ ನೋಡಿದ್ಯೇನಮ್ಮ?" ಎಂದೆ.

"ಕಣ್ತುಂಬ ನೋಡ್ದೆ ಕಣೋ" ಎನ್ನುತ್ತಾ ಹಿಂದಿನ ಸೀಟಿನಿಂದ ಪ್ರಸಾದದ ಕಾಯಿಯ ಹೋಳನ್ನು ನನ್ನ ಕೈಗಿಟ್ಟಳು. ಆಮೇಲೆ ಕೇಳಿದಳು: "ಅವತ್ತು ಬಸ್ಸಲ್ಲಿ ಉಳ್ಕಂಡಾಗ ನಂಗಾದ್ರೆ ಜ್ವರ ಬಂದಿತ್ತು. ಇವತ್ತು ನಿಂಗೇನೋ ಬಂದಿತ್ತು?"