ಮಾಳಿಂಗಪ್ಪ ಬಿಚ್ಚಿದ ಬಿಲ್ಲೆಗಳು

ಪರೇಲಿನ ನಮ್ಮ ಚಾಳಿನಲ್ಲಿ ದಣಿದವರಿಗೇನು ಬರವಿರಲಿಲ್ಲ. ಮಿಲ್ಲಿನವರೇ ತುಂಬಿದ್ದ ಜಾಗ. ಆದರೂ ದಣಿವಿನಲ್ಲಿ ಮಾಳಿಂಗಪ್ಪನನ್ನು ಮೀರಿಸಿದವರನ್ನು ನಾನು ಕಾಣೆ. ಬಿಜಾಪುರದ ಕಡೆಯ ಕುರುಬ. ಊರಲ್ಲಿ ಕುರಿಯ ಹಿಂದೆ ನಡೆದು ಸಾಲದೆ, ಮುಂಬಯಿಗೆ ಬಂದಮೇಲೂ ಕುರಿಯ ಹಿಂದೆಯೇ ಹೋದ. ಗೋರೆಗಾಂವ್‌ನ ಒಂದು ಕುರಿದೊಡ್ಡಿಯಲ್ಲಿ ಬದಲಿ ಆಳು, ಕಾಯಂ ಅಲ್ಲ. ದಿನವಿಡೀ ಕುರಿ ಎತ್ತಿ ಇಳಿಸಿ ಸೊಂಟ ಬಿದ್ದುಹೋಗಿತ್ತು. ಸಂಜೆ ಲೋಕಲ್‌ನಲ್ಲಿ ನಿಂತೇ ಬಂದು ಬಾಗಿಲಲ್ಲಿ ಕುಸಿದು ಕೂತರೆ, ಹೆಂಡತಿ ಕಾಶವ್ವ ನೀರು ಕೊಡುವ ತನಕ ಮಾತಿಲ್ಲ.

ಐವತ್ತೊಂಬತ್ತನೆಯ ಇಸವಿಯಲ್ಲಿ ಆ ದೊಡ್ಡಿಗೆ ಡಾಕ್ಟರ್ ಮೋನಪ್ಪ ಎಂಬ ಪಶುವೈದ್ಯರು ಬಂದರು. ಮಂಗಳೂರಿನ ಕಡೆಯವರು, ವಿಲಾಯಿತಿಯಲ್ಲಿ ಓದಿದವರು. ಜೊತೆಗೆ ಅಲ್ಲಿಂದ ಎರವಲು ತಂದ ಒಂದು ಯಂತ್ರ. ಕುರಿಯ ಸೊಂಟದ ಮೇಲಿನ ಉಣ್ಣೆ ಕತ್ತರಿಸಿ, ಎಣ್ಣೆ ಸವರಿ, ಯಂತ್ರದ ಮೂತಿಯನ್ನು ಒತ್ತಿಹಿಡಿದರೆ ಕಿವಿಗೆ ಕೇಳದ ಸದ್ದೊಂದು ಚರ್ಮದೊಳಕ್ಕೆ ಹೋಗುತ್ತದೆ. ಕೊಬ್ಬು ಮುಗಿದು ಮಾಂಸ ಶುರುವಾಗುವಲ್ಲಿ ತಾಗಿ ಮರಳುತ್ತದೆ. ಗಾಜಿನ ಮೇಲೆ ಹಸಿರು ಗೆರೆ ಕುಣಿಯುತ್ತದೆ. ಅದನ್ನು ನೋಡಿ, ಕೊಯ್ಯದೆಯೇ, ಕೊಬ್ಬೆಷ್ಟು ಎಂದು ಹೇಳಬಹುದಂತೆ. ಇದನ್ನೆಲ್ಲ ಮಾಳಿಂಗಪ್ಪ ನನಗೆ ವಿವರಿಸಿದ್ದು ಆಕಳಿಸುತ್ತಾ. ಅವನಿಗೆ ಬೇಕಾಗಿದ್ದುದು ಹಸಿರು ಗೆರೆಯಲ್ಲ, ಒಂದು ಸ್ಟೂಲು. ಯಂತ್ರ ಪರೀಕ್ಷೆಯಲ್ಲಿ ಗೆದ್ದರೆ ದೊಡ್ಡಿಗೇ ಅಂಥದೊಂದನ್ನು ಕೊಳ್ಳುತ್ತಾರೆ, ಅದರ ಕೋಣೆಗೆ ಕಾಯಂ ಆಳೊಬ್ಬ ಬೇಕು, ಕೂತು ಮಾಡುವ ಕೆಲಸ, ಅದು ನಿನಗೇ ಎಂದು ಡಾಕ್ಟರು ಮಾತು ಕೊಟ್ಟಿದ್ದರು.

ಯಂತ್ರ ಹೇಳಿದ್ದು ನಿಜವೇ ಎಂದು ತಿಳಿಯಲು ಒಂದೇ ದಾರಿ: ಅಳೆದ ಕುರಿಗಳನ್ನು ಕೊಯ್ಯಿಸಿ, ಕೊಬ್ಬಿಗೆ ಅಳತೆಪಟ್ಟಿ ಹಿಡಿದು ತಾಳೆ ನೋಡುವುದು. ಅದಕ್ಕೆಂದು ಪ್ರತಿ ಕುರಿಯ ಕಿವಿಗೂ ನಂಬರಿನ ತಗಡಿನ ಬಿಲ್ಲೆ ಚುಚ್ಚಿದ್ದರು. ಕೊಯ್ಯುವಾಗ ಬಿಲ್ಲೆ ತೆಗೆದು ಅದೇ ಕುರಿಯ ಕಾಲಿಗೆ ಕಟ್ಟುವುದು ಮಾಳಿಂಗಪ್ಪನ ಪಾಲಿನ ಕೆಲಸ.

ತಗಡು ತಾಗಿ ಕಿವಿಗಳು ಬಾತುಕೊಂಡವು. ಕುರಿಗಳು ಮೇವು ಬಿಟ್ಟು ತಲೆ ಕೊಡವುತ್ತ ನಿಂತವು. ನಾಳೆ ಸಾಯುವ ಪ್ರಾಣಿಗೆ ಇವತ್ತೇಕೆ ಈ ಹಿಂಸೆ ಎನಿಸಿತು ನಮ್ಮ ಮಹಾರಾಯನಿಗೆ. ಕೊಯ್ಯಿಸುವ ಹಿಂದಿನ ಸಂಜೆ ಎಲ್ಲ ಬಿಲ್ಲೆಗಳನ್ನೂ ಬಿಚ್ಚಿ ಜೇಬಿಗೆ ಹಾಕಿಕೊಂಡು, ಕಿವಿಗಳಿಗೆ ಅರಿಶಿನ ಎಣ್ಣೆ ಹಚ್ಚಿದ. ಯಾವುದಕ್ಕೆ ಯಾವ ನಂಬರು ಎಂಬುದು ಅವನಿಗೆ ಬಾಯಿಪಾಠ. ಊರಲ್ಲಿ ನಾಲ್ಕಾರು ಮನೆಯ ಹಿಂಡು ಕಲೆತರೂ ಮುಖ ನೋಡಿ, ಅವರ ಮಾತಿನಲ್ಲಿ ಮಾರಿ ನೋಡಿ, ತಮ್ಮದನ್ನು ಬೇರ್ಪಡಿಸುವ ಜನ ಅವರು. ಬಿಲ್ಲೆ ಬೇಕಾದದ್ದು ಡಾಕ್ಟರಿಗೆ, ತನಗಲ್ಲ ಎಂದೇ ಅವನ ಎಣಿಕೆ.

ಆದರೆ ಅವನು ಈವರೆಗೆ ಕುರಿಗಳನ್ನು ಕಸಾಯಿಖಾನೆಯ ಬಾಗಿಲ ತನಕ ಬಿಟ್ಟವನೇ ಹೊರತು ಒಳಗೆ ಹೋದವನಲ್ಲ. ಒಳಗಿನವರ ಕೈ ಎಷ್ಟು ಚುರುಕೆಂದು ಅವನಿಗೇನು ಗೊತ್ತು? ಜೇಬಿನಿಂದ ಬಿಲ್ಲೆ ಹುಡುಕಿ ತೆಗೆಯುವಷ್ಟರಲ್ಲಿ ತಲೆಗಳು ಒಂದು ಮೂಲೆಗೆ, ಚರ್ಮಗಳು ಇನ್ನೊಂದು ಮೂಲೆಗೆ ಬಿದ್ದಿದ್ದವು. ಉಳಿದದ್ದು ಕೊಕ್ಕೆಗಳಿಗೆ ಸಾಲಾಗಿ ನೇತುಬಿದ್ದಿತ್ತು.

ಡಾಕ್ಟರು ಅಳತೆಪಟ್ಟಿ ಹಿಡಿದು ಬಂದರು. "ಒಂದನೇ ನಂಬರ್ ಯಾವುದು ಮಾರಾಯಾ?"

"ಗೊತ್ತಾಗವಲ್ದ್ರಿ ಸಾಹೇಬ್ರ."

"ಬಿಲ್ಲೆ ಎಲ್ಲಿ?"

ಮಾಳಿಂಗಪ್ಪ ಮುಷ್ಟಿ ಬಿಚ್ಚಿ ತೋರಿಸಿದ. "ಕಿವಿ ನೋಯಾಕತ್ತಿದ್ವ್ರಿ. ಮಾರಿ ನೋಡಿ ಹೇಳಿದ್ರಾತು ಅಂತಿದ್ದೆ."

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಲ್ಲೇ ಬೋರಲಾಗಿದ್ದ ಬಕೀಟಿನ ಮೇಲೆ ಕೂತು, "ಎಂಥ ಕೆಲಸ ಮಾಡಿದೆ ಮಾರಾಯಾ," ಎಂದರು, ಅಷ್ಟೇ. ಯಂತ್ರ ಆ ವಾರವೇ ಹಡಗು ಹತ್ತಬೇಕಿತ್ತು, ಹತ್ತಿತು. ಯಂತ್ರದ ಕೋಣೆ ಮತ್ತೆ ಹಿಂಡಿಯ ಚೀಲಗಳ ಪಾಲಾಯಿತು. ಮಾಳಿಂಗಪ್ಪ ಬದಲಿ ಆಳಾಗಿಯೇ ಉಳಿದ.

ಸಂಗತಿ ಕೇಳಿ ಕಾಶವ್ವ ಹಣೆ ಚಚ್ಚಿಕೊಂಡಳು. "ಬಾಯಿಗೆ ಬಂದ ನಂಬರ್ ಹೇಳಬೇಕಿತ್ತಿಲ್ಲೋ! ಆ ಡಾಕ್ಟರಗ ಹ್ಯಾಂಗ ತಿಳೀತಿತ್ತು?"

ನನಗೂ ಅದೇ ಸಿಟ್ಟು. ಯಾವುದಕ್ಕಾದರೂ ಯಾವುದಾದರೂ ಬಿಲ್ಲೆ ಕಟ್ಟಿದ್ದರೆ ಮುಗಿದಿತ್ತು. ಯಂತ್ರ ಗೆಲ್ಲುತ್ತಿತ್ತೋ ಸೋಲುತ್ತಿತ್ತೋ, ತಪ್ಪಂತೂ ಇವನ ತಲೆಗೆ ಬರುತ್ತಿರಲಿಲ್ಲ.

ಮಾಳಿಂಗಪ್ಪ ಗೋಡೆಗೆ ಒರಗಿ ಸೊಂಟ ನೀವಿಕೊಂಡ.

"ಅದು ಹೊಳೀಲೇ ಇಲ್ಲ ನೋಡ," ಎಂದ. "ನಾ ಅವುಗಳ ಮಾರಿ ಹುಡಕಾಕತ್ತಿದ್ದೆ."

ಕಾಶವ್ವ ಎದ್ದು ಹೋಗಿ, ಸೊಂಟಕ್ಕೆ ತಿಕ್ಕಲು ಎಣ್ಣೆ ಬಿಸಿಗಿಟ್ಟಳು.