ಹಳದಿ ಹಚ್ಚಿದ ಪದಗಳು

ಲ್ಯಾಪ್‌ಟಾಪಿನ ಬ್ಯಾಗ್ ಕೊಡವಿದಾಗ ಸಣ್ಣದೊಂದು ಪೇಂಟ್ ಬ್ರಶ್ ಕೆಳಗೆ ಬಿತ್ತು. ಸುಳ್ಯದ ಬಸ್ ಸ್ಟ್ಯಾಂಡಿನ ಹತ್ತಿರ ಮಹಡಿಯಲ್ಲಿ ಅಂಗಡಿ ಇಟ್ಟಿದ್ದ ಕಂಪ್ಯೂಟರ್ ರಿಪೇರಿಯವರದು. ಏನೇ ರಿಪೇರಿಗೆ ಬಂದರೂ ಅವರು ಮೊದಲು ಆ ಬ್ರಶ್ಶಿನಿಂದ ಕೀಬೋರ್ಡಿನ ಧೂಳು ತೆಗೆಯುತ್ತಿದ್ದರು. ಅಷ್ಟು ಹೊತ್ತು ಕೂರುವ ತಾಳ್ಮೆ ನನಗೆಲ್ಲಿ... ಕಲ್ಲುಗುಂಡಿಯ ಬಸ್ ತಪ್ಪೀತೆಂದು ಗಡಿಯಾರ ನೋಡುವುದೇ ನನ್ನ ಕೆಲಸ.

ನನ್ನವ್ವ ಮದುವೆಮನೆಗಳಲ್ಲಿ ಹಾಡುತ್ತಿದ್ದ, ನಮ್ಮ ಮನೆಮಾತಾದ ಅರೆಭಾಷೆಯ ಸೋಬಾನೆಗಳನ್ನು ಅವಳಿಂದ ಕೇಳಿ ಕೇಳಿ ಟೈಪ್ ಮಾಡಿಟ್ಟಿದ್ದೆ. ಬೇರೆ ಪ್ರತಿ ಇರಲಿಲ್ಲ. ಲ್ಯಾಪ್‌ಟಾಪ್ ಆಮೆಯಾದಾಗ ಅವರು, "ಹೊಸ ವಿಂಡೋಸ್ ಇದಕ್ಕೆ ಭಾರ ಆಗ್ತದೆ ಅಕ್ಕ. ಲಿನಕ್ಸ್ ಹಾಕುವ. ಧರ್ಮಕ್ಕೆ ಸಿಗ್ತದೆ, ಯಾರ ಅಪ್ಪಣೆಯೂ ಬೇಡ" ಎಂದರು. ಹಾಕಿಸಿದೆ. ಮನೆಗೆ ಬಂದು ತೆರೆದರೆ ಹಾಡುಗಳ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಕೊಕ್ಕೆ, ಚುಕ್ಕೆ! ಅವ್ವ ತೀರಿಕೊಂಡು ಆರು ತಿಂಗಳಾಗಿತ್ತಷ್ಟೆ. ಮರುದಿನ ಮೊದಲ ಬಸ್ಸಿಗೇ ಹೋಗಿ, ಅಂಗಡಿಗೆ ಬಂದಿದ್ದವರ ಎದುರೇ ಅವರನ್ನು ಬಾಯಿಗೆ ಬಂದಂತೆ ಬೈದೆ.

ಅವರು ಫೈಲ್ ತೆರೆದು ನೋಡಿದರು. "ಹಾಡು ಎಲ್ಲಿಗೂ ಹೋಗ್ಲಿಲ್ಲ ಮಾರಾಯ್ರೆ. ನೀವು ಬರೆದ ಹಳೆ ಫಾಂಟ್ ಇದ್ರಲ್ಲಿ ಇಲ್ಲ, ಅಷ್ಟೆ. ಎಲ್ಲ ಕಂಪ್ಯೂಟರಲ್ಲೂ ಓದ್ಲಿಕ್ಕಾಗುವ ಯುನಿಕೋಡಿಗೆ ತಿರುಗಿಸಿ ಕೊಡ್ತೇನೆ."

ಎರಡು ವಾರ ಹಿಡಿಯಿತು. ಮನೆಯಲ್ಲಿ ಬ್ಯಾರಿ ಮಾತಾಡುವ ಅವರಿಗೆ ಅರೆಭಾಷೆ ಅಷ್ಟಕ್ಕಷ್ಟೆ. ಆದರೂ ಒಂದೊಂದೇ ಸಾಲು ನೋಡಿ, ತಿರುಗಿಸುವಾಗ ಕೆಟ್ಟಂತೆ ಕಂಡ ಪದಗಳಿಗೆಲ್ಲ ಹಳದಿ ಬಣ್ಣ ಹಚ್ಚಿಟ್ಟಿದ್ದರು. "ಇದು ನಂಗೆ ಗೊತ್ತಾಗುದಿಲ್ಲ. ಒಂದು ಗಂಟೆ ಕೂತು ಓದಿ ಹೇಳಿ ಅಕ್ಕ, ಈಗಲೇ ಸರಿ ಮಾಡುವ."

"ಇನ್ನೊಮ್ಮೆ ಬರ್ತೇನೆ" ಎಂದು ಮೆಟ್ಟಿಲಿಳಿದೆ. ಬ್ರಶ್ ನನ್ನ ಬ್ಯಾಗಿಗೆ ಸೇರಿದ್ದು ಆ ಗಡಿಬಿಡಿಯಲ್ಲೇ ಇರಬೇಕು. ಬೈದದ್ದು ತಪ್ಪಾಯಿತು ಎನ್ನಲೂ ಇಲ್ಲ. ಇಟ್ಟುಕೊಳ್ಳಿ ಎಂದು ಅವರು ಹೇಳಿದ್ದರೂ, ಆ ಕೊಕ್ಕೆ ಚುಕ್ಕೆಗಳ ಹಳೆಯ ಪ್ರತಿಯನ್ನು ಕಂಡರಾಗದೆ ಮನೆಗೆ ಬಂದವಳೇ ಅಳಿಸಿಹಾಕಿದೆ.

ಸುಳ್ಯಕ್ಕೆ ಆಮೇಲೆ ಎಷ್ಟು ಸಲ ಹೋದೆನೋ... ಪ್ರತಿ ಸಲವೂ ಬಸ್ಸಿನ ಅವಸರ. ಕಳೆದ ವರ್ಷ, ಅವರು ಎದೆನೋವು ಬಂದು ತೀರಿಕೊಂಡರೆಂದು ಕೆಳಗಿನ ಬೇಕರಿಯವರು ಹೇಳಿದಾಗ ಮೆಟ್ಟಿಲ ಬುಡದಲ್ಲೇ ನಿಂತುಬಿಟ್ಟೆ. ಆ ದಿನ ಬಸ್ ತಪ್ಪಿತು.

ಈಗ ತಂಗಿಯ ಮಗಳ ಮದುವೆಗೆ ಹಾಡು ಬೇಕು. ಬೆಳಗಿನಿಂದ ಲ್ಯಾಪ್‌ಟಾಪಿನ ಮುಂದೆ ಕೂರುತ್ತೇನೆ, ಏಳುತ್ತೇನೆ, ಮತ್ತೆ ಕೂರುತ್ತೇನೆ. ಹಳದಿ ಪದಗಳಲ್ಲಿ ಹೆಚ್ಚಿನವನ್ನು ನೆನಪಿನಿಂದಲೇ ಸರಿಮಾಡಿದೆ. ಧಾರೆಯ ಹಾಡಿನಲ್ಲಿ ಮಾತ್ರ ಒಂದು ಸಾಲು ಪೂರ್ತಿ ಹಳದಿ. ಅವ್ವನ ದನಿ ನೆನಪಾಗುತ್ತದೆ, ರಾಗ ಬರುತ್ತದೆ, ಮಾತು ಬರುವುದಿಲ್ಲ. ಕೂತು ಓದಿ ಎಂದು ಅವರು ಕರೆದ ದಿನ ಆ ಸಾಲು ನನಗೆ ಬಾಯಿಪಾಠವಿತ್ತು.